ಜಗಳ ಬಿಡಿಸುವ ಲಕ್ಕಯ್ಯ

ಕ್ಯಾನ್ಸರ್ ಅಂಟುವುದಿಲ್ಲ. ಮೈಸೂರಿನಲ್ಲಿ ಸೂಕ್ಷ್ಮಜೀವಿಶಾಸ್ತ್ರ ಓದಿದ ನನಗೆ ಇದು ಗೊತ್ತು. ಆದರೂ ಅಂಗಳದಲ್ಲಿ ಲಕ್ಕಯ್ಯ ಕೆಮ್ಮಿದರೆ ಸಾಕು, ಮಗುವನ್ನು ಎತ್ತಿಕೊಂಡು ಒಳಗೆ ಓಡಿ ಬಾಗಿಲು ಮುಂದೆ ಮಾಡುತ್ತಿದ್ದೆ. ಜೊತೆಗೆ ಕ್ಷಯವೂ ಇದ್ದರೆ? ಇಲ್ಲ ಎಂದ ಡಾಕ್ಟರೇ ತಪ್ಪಿದ್ದರೆ?

ಅದು ೨೦೦೩ನೇ ಇಸವಿ. ನನ್ನ ಗಂಡ ಬೆಳಿಗ್ಗೆ ತಿಪಟೂರಿನ ಕಾಲೇಜಿಗೆ ಪಾಠ ಮಾಡಲು ಹೋದ ಮೇಲೆ ಶೆಟ್ಟಿಕೆರೆಯ ತೋಟದ ಮನೆಯಲ್ಲಿ ಮಾತಿಗೆ ಸಿಗುತ್ತಿದ್ದವನು ತೆಂಗಿನಕಾಯಿ ಸುಲಿಯುವ ಲಕ್ಕಯ್ಯನೊಬ್ಬನೇ. ಈಗ ಸುಲಿಯಲು ಉಸಿರಿಲ್ಲ. ಸುಮ್ಮನೆ ಬಂದು ಕೂರುತ್ತಿದ್ದ. ಹೆಂಡತಿ ಸತ್ತು ಅವನ ಮನೆಯೂ ಖಾಲಿ. ನಾನು ಬಾಗಿಲು ಹಾಕುವುದನ್ನು ಕಂಡವನು ತಾನೇ ಕಾಯಿರಾಶಿಯ ಆಚೆಗೆ ಸರಿದ.

ಅವನ ಗೊಲ್ಲರಹಟ್ಟಿಯಲ್ಲಿ ಮಚ್ಚು ಎತ್ತಿದವರ ನಡುವೆಯೂ ನುಗ್ಗಿ, "ಬುಡ್ರಲಾ, ನಾಳಿಕ್ಕೆ ಮಖ ನೋಡ್ಬೇಕಲ್ವಾ" ಎಂದು ಕೈ ಹಿಡಿಯುತ್ತಿದ್ದವನು ಇವನೇ. ಇವನಿಂದ ಉಳಿದ ಮನೆಗಳೆಷ್ಟೋ.

ಒಂದು ದಿನ ರಾಶಿಯಾಚೆಯಿಂದ ಕೇಳಿದ: "ಅಮ್ಮಾವ್ರೇ, ಜರ ಬಂದ್ರೆ ಮೈಯೇ ಹೊಡ್ದಾಡಿ ವಾಸಿ ಮಾಡ್ಕತ್ತದಂತೆ. ಈ ಗಡ್ಡೆನ ಯಾಕೆ ಸುಮ್ನೆ ಬುಟ್ಟದೆ?"

ಹೇಳಿದೆ. ರಕ್ತದಲ್ಲಿ ಹೊಡೆದಾಡುವ ಬಿಳಿಕಣಗಳಿವೆ. ಅವು ರೊಚ್ಚಿಗೆದ್ದು ನಮ್ಮ ಮೈಯನ್ನೇ ಹಾಳು ಮಾಡದಂತೆ ತಡೆಯುವ ಕಣಗಳೂ ಇವೆ. ಅವಿಲ್ಲದೆ ನಾವು ಬದುಕುವುದಿಲ್ಲ. ಆದರೆ ಶ್ವಾಸಕೋಶದ ಗಡ್ಡೆ ಆ ತಡೆಯುವ ಕಣಗಳನ್ನೇ ಸುತ್ತ ಸೇರಿಸಿಕೊಳ್ಳುತ್ತದೆ. ಹೊಡೆಯಲು ಬಂದವು ಕೈಕಟ್ಟಿ ನಿಲ್ಲುತ್ತವೆ. ಮದ್ದು ಇನ್ನೂ ಹುಡುಕುತ್ತಿದ್ದಾರೆ.

"ಅಯ್ಯೋ, ನನ್ನಂಥವೇ ಕಣ್ರವ್ವ ಅವು!" ನಕ್ಕ. ನಗು ಕೆಮ್ಮಾಯಿತು. ಕೆಮ್ಮು ನಿಂತ ಮೇಲೆ ಬಾಯಿ ಒರೆಸಿಕೊಂಡು ಹೇಳತೊಡಗಿದ.

"ಗಂಡ ಹೊಡೀತಾನೆ ಅಂತ ಮಗಳು ಸಿದ್ದಿ ಓಡ್ಬಂದಿದ್ಲು. ಹಟ್ಟಿ ಹುಡುಗ್ರು ದೊಣ್ಣೆ ತಗಂಡು ಹೊಂಟ್ರು. ನಾನೇ ಅಡ್ಡ ನಿಂತೆ. ಬುಡವ್ವ, ಸಂಸಾರ ಅಂದು ನಾನೇ ವಾಪಸ್ ಬಸ್ ಹತ್ತಿಸ್ದೆ. ಆಮೇಲೆ ಅವ್ಳು ಬರ್ಲೇ ಇಲ್ಲ." ತುರುವೇಕೆರೆಯಲ್ಲಿ ಅವಳ ಎದುರುಮನೆಯ ಟೀಚರ ಫೋನ್ ನಂಬರು ಕೊಟ್ಟ. "ನಿಮ್ಮಪ್ಪ ಬಂದ್ಬುಡು ಅಂದ ಅಂತ ಹೇಳಿ ತಾಯಿ. ಕಾಯ್ಲೆ ವಿಷ್ಯ ಬ್ಯಾಡ. ಅಯ್ಯೋ ಅಂತ ಬರೋದು ಬ್ಯಾಡ."

ನನಗೆ ಭಯ. ಸಿದ್ದಿಯ ಗಂಡನಿಗೆ ಗೊತ್ತಾಗಿ ಅವಳಿಗೆ ಇನ್ನಷ್ಟು ಏಟು ಬಿದ್ದರೆ? "ನಮಗ್ಯಾಕೆ ಊರ ಉಸಾಬರಿ" ಎಂದು ಇವರೂ ಅಂದರು. ನಾಳೆ, ನಾಳೆ ಎನ್ನುತ್ತಾ ಬಂದೆ. ಅವನು "ಆಗ್ಲಿ ಬುಡಿ" ಎನ್ನುತ್ತಿದ್ದ.

ಒಂದು ಬೆಳಿಗ್ಗೆ ಅವನು ಬರಲಿಲ್ಲ. ಏಳಲಾಗದೆ ಮಲಗಿದ್ದಾನೆ ಎಂದು ಹಟ್ಟಿಯ ಬೋರಕ್ಕ ಹೇಳಿಹೋದಳು. ಮಗುವನ್ನು ಸೊಂಟಕ್ಕೇರಿಸಿ ಫೋನ್ ಎತ್ತಿದೆ. ಟೀಚರು ಸಿದ್ದಿಯನ್ನು ಫೋನಿಗೆ ಕರೆದುಕೊಂಡು ಬಂದರು.

"ಸಿದ್ದಮ್ಮ, ನಿಮ್ಮಪ್ಪ ಬಂದ್ಬುಡು ಅಂದಿದಾರೆ."

"ಅಪ್ಪಯ್ಯ ಹಂಗಂದ್ನಾ?"

"ಅಂದ್ರು."

ಆ ಕಡೆಯಿಂದ ಮೆಲ್ಲಗೆ ಕೇಳಿದಳು: "ಮದ್ಯಾನ ಬಸ್ಸೈತಾ ಅಕ್ಕಾ?"