ಚಂದುವಿನ ಗುಂಡಿನ ಪೆಟ್ಟಿಗೆ

ಧೂಳು ಒರೆಸುವವರನ್ನು ಕಂಡರೆ ನನಗೆ ಎದೆ ಧಸಕ್ಕೆನ್ನುತ್ತದೆ. ಸೋಮಾರಿತನ ಅಂದುಕೊಳ್ಳಬೇಡಿ, ಇದು ವಿದ್ಯೆ. ಮಿಲಿಟರಿಯವರು ಬೇಡವೆಂದು ಬಿಟ್ಟ ಹಳೇ ಸಾಮಾನು ಹುಡುಕುವುದು ನನ್ನ ಹುಚ್ಚು. ಬೈಂದೂರಿನಿಂದ ಬ್ರಹ್ಮಾವರದವರೆಗೆ ಗುಜರಿಯವರು ನನ್ನನ್ನು ಕಂಡ ಕೂಡಲೇ ರೇಟು ಏರಿಸುತ್ತಾರೆ, ಅದೂ ಒಂದು ಮರ್ಯಾದೆಯೇ. ಬಾರ್ಕೂರಿನ ಒಂದು ಅಂಗಳದಲ್ಲಿ ಕೋಳಿಮರಿಗಳು ನೀರು ಕುಡಿಯುತ್ತಿದ್ದ ಬೋಗುಣಿ ಸಿಪಾಯಿಯ ಉಕ್ಕಿನ ಟೋಪಿ ಎಂದು ಬಸ್ಸಿನಲ್ಲಿ ಕೂತೇ ಹೇಳಿದವನು ನಾನು.

ಈ ವಿದ್ಯೆಯ ಮೊದಲ ಪಾಠ, ತೊಳೆಯಬೇಡಿ. ಕೊಳೆ, ಬಣ್ಣ, ಅಕ್ಷರ ಇದ್ದರೆ ಚರಿತ್ರೆ. ಚರಿತ್ರೆ ಇದ್ದರೆ ಬೆಲೆ. ಬ್ರಿಟಿಷರು ತಮ್ಮ ಸರ್ಕಾರಿ ಮಾಲಿಗೆಲ್ಲ ಕೋಳಿಕಾಲಿನಂಥ ಬಾಣದ ಗುರುತು ಹಾಕುತ್ತಿದ್ದರು. ಹುಣಸೆಹುಳಿ ಹಿಡಿದ ನಮ್ಮ ಹೆಂಗಸರ ಮುಂದೆ ಆ ಸಾಮ್ರಾಜ್ಯ ಎಷ್ಟು ಹೊತ್ತು ನಿಂತೀತು ಹೇಳಿ.

ಬೀಜಾಡಿಯ ಚಂದು ಮೀನು ಹಿಡಿಯುವವನು, ನನ್ನ ಹಳೇ ಪರಿಚಯ. ಒಂದು ದಿನ ಬಂದೂಕಿನ ಗುಂಡು ತುಂಬುವ ಕಬ್ಬಿಣದ ಪೆಟ್ಟಿಗೆಯೊಂದನ್ನು ತಂದ. ಅವನಪ್ಪ ದೋಣಿಯಲ್ಲಿ ಬೀಡಿ, ಬೆಂಕಿಪೆಟ್ಟಿಗೆ ಅದರಲ್ಲಿಡುತ್ತಿದ್ದನಂತೆ. ಮಹಾಯುದ್ಧದ ಕಾಲದಲ್ಲಿ, ತಾನು ಹುಡುಗನಾಗಿದ್ದಾಗ, ಅದು ಕಡಲಿನಿಂದ ದಡಕ್ಕೆ ಬಂದದ್ದು ಎಂದು ಆತ ಸಾಯುವವರೆಗೂ ಹೇಳಿದ. ಬೊಂಬಾಯಿ ಗುಜರಿಯಲ್ಲಿ ತಂದು ಬುರುಡೆ ಬಿಡುತ್ತಾನೆ ಎಂದು ಊರು ಆತ ಸಾಯುವವರೆಗೂ ನಕ್ಕಿತು.

“ಹ್ವಾಯ್, ರೇಟ್ ನಂಗ್ ಬ್ಯಾಡ. ಅಪ್ಪಯ್ಯ ಹೇಳದ್ದ್ ಹೌದಾ ಅಲ್ದಾ, ಅಷ್ಟ್ ಹೇಳಿ,” ಎಂದು ಚಂದು ಪೆಟ್ಟಿಗೆಯನ್ನು ನನ್ನಲ್ಲೇ ಬಿಟ್ಟುಹೋದ.

ಹಸಿರು ಬಣ್ಣದ ಮೇಲೆ ಮಾಸಿದ ಬಿಳಿ ಅಕ್ಷರಗಳಿದ್ದವು. ಭೂತಗನ್ನಡಿ ಹಿಡಿದು ಕೂತೆ. ಬರ್ಮಾ ಕಡೆ ಹೊರಟ ಯಾವುದೋ ತುಕಡಿಯದ್ದು ಎಂದು ತೀರ್ಮಾನವನ್ನೂ ಮಾಡಿಬಿಟ್ಟೆ. ಒಂದು ಫೋಟೋ ತೆಗೆಯುವುದು ಬಾಕಿ.

ಅಷ್ಟರಲ್ಲಿ ಆಯುಧಪೂಜೆ ಬಂತು. ನಮ್ಮಲ್ಲಿ ಆ ದಿನ ಕತ್ತಿ, ಸೈಕಲ್ಲು, ಮಿಕ್ಸಿ, ಯಾವುದಕ್ಕೂ ಸ್ನಾನ ತಪ್ಪಿದ್ದಲ್ಲ. ಬೆಳಿಗ್ಗೆ ಎದ್ದು ನೋಡಿದರೆ ಪೆಟ್ಟಿಗೆ ಕುಂಕುಮ, ಸೇವಂತಿಗೆ ಹೊತ್ತು ಹೊಸ ಹಸಿರಿನಲ್ಲಿ ಮಿಂಚುತ್ತಿದೆ. ಹೆಂಡತಿ ಸುಮತಿ ಹಿಂದಿನ ಸಂಜೆಯೇ ಕೆರೆದು, ಗೇಟಿಗೆ ಹೊಡೆದು ಉಳಿದ ಬಣ್ಣ ಬಳಿದಿದ್ದಳು. ಚಂದುವಿನ ಅಪ್ಪನ ಸಾಕ್ಷಿಯನ್ನು ನಮ್ಮ ಮನೆಯಲ್ಲೇ ಕೊಂದಂತಾಯಿತು.

ದೋಣಿಯ ಪೂಜೆಗೆ ಪೆಟ್ಟಿಗೆ ಒಯ್ಯಲು ಚಂದು ಬಂದೇಬಿಟ್ಟ. ಅಕ್ಷರ ಹೋಯಿತು ಮಾರಾಯ ಎಂದೆ.

“ಅದ್ ನಮ್ ದೋಣಿ ನಂಬ್ರ್ ಅಲ್ದಾ?” ಎಂದ. “ಅಪ್ಪಯ್ಯ ದೋಣಿಗೆ ಹೊಡ್ದ್ ಉಳ್ದ ಬಣ್ಣ ವರ್ಷಾ ವರ್ಷಾ ಇದಕ್ಕೂ ಹೊಡಿತಿದ್ದ.”

ಬರ್ಮಾದ ತುಕಡಿ ಬೀಜಾಡಿಯಲ್ಲೇ ಬರಖಾಸ್ತಾಯಿತು.

“ಅದ್ಕೇ ಅಷ್ಟ್ ಬಣ್ಣ,” ಎಂದು ಸುಮತಿ ಗೊಣಗಿದಳು. “ಹಸ್ರ್ ಕೆರೆದ್ರೆ ನೀಲಿ, ನೀಲಿ ಕೆರೆದ್ರೆ ಕೆಂಪ್. ಎಲ್ಲದ್ರ ಅಡಿಗೆ, ಮಿಲಿಟರಿ ಬಣ್ಣದ ಮೇಲೆ, ಕಡಲ್ ಕಲ್ಲಿಗ್ ಅಂಟ್ಕಂಬ ಹಾಂಗಿನ ಚಿಪ್ಪ್. ಚೂರಿ ಬಾಯೇ ಹೋಯ್ತ್. ಬಿಜಾಗ್ರಿ ಸಂದಿಲಿ ಇನ್ನೂ ಒಂದಿತ್ತ್, ಕಾಣಿ.”

ನಾನು ಬಗ್ಗಿ ನೋಡಿದೆ. ಇತ್ತು. ಇಂಥ ಹೊತ್ತಿನಲ್ಲಿ ನನ್ನ ವಿದ್ಯೆ ಕೈಕೊಡುವುದಿಲ್ಲ. ಚಿಪ್ಪು ಹಿಡಿಯಬೇಕಾದರೆ ಪೆಟ್ಟಿಗೆ ತಿಂಗಳುಗಟ್ಟಲೆ ಕಡಲಲ್ಲಿ ಬಿದ್ದಿರಬೇಕು. ಅದು ಚಂದುವಿನ ಅಪ್ಪ ಹೊಡೆದ ಮೊದಲ ಬಣ್ಣಕ್ಕಿಂತಲೂ ಅಡಿಯಲ್ಲಿದೆ. ಅಂದರೆ ಅಪ್ಪನ ಕೈಗೆ ಬರುವ ಮೊದಲೇ ಕಡಲು ಕಂಡ ಪೆಟ್ಟಿಗೆ ಇದು. ಗುಜರಿಯದ್ದಲ್ಲ ಎಂದು ನಾನು ಯಾರೆದುರೂ ಹೇಳಬಲ್ಲೆ ಎಂದೆ.

ಚಂದು ಜಗಲಿಯ ಮೇಲೆ ಕೂತುಬಿಟ್ಟ. “ಅಪ್ಪಯ್ಯ ಸುಳ್ಳ್ ಹೇಳ್ಲಿಲ್ಲೆ,” ಎಂದ. ಕಣ್ಣು ಒದ್ದೆಯಾಗಿತ್ತು, ನನ್ನದೂ.

ಹೀಗೆ ಕೆರೆದು ಬಳಿದ ಪೆಟ್ಟಿಗೆಗೆ ಪೇಟೆಯಲ್ಲಿ ತೂಕದ ಬೆಲೆ ಮಾತ್ರ ಎಂದು ಹೇಳುವುದು ನನ್ನ ಧರ್ಮ, ಹೇಳಿದೆ.

“ಒಳ್ಳೇದಾಯ್ತ್. ಇನ್ ಯಾರೂ ರೇಟ್ ಕೇಂಬುಕ್ ಬಪ್ದಿಲ್ಲೆ,” ಎನ್ನುತ್ತ ಪೆಟ್ಟಿಗೆಯನ್ನು ಎದೆಗೆ ಅವುಚಿಕೊಂಡ.

ಬಣ್ಣ ಇನ್ನೂ ಒಣಗಿಲ್ಲ, ಹಬ್ಬದ ಅಂಗಿಗೆ ಹಿಡಿಯುತ್ತದೆ ಎಂದೆ.

“ಹಿಡಿಲಿ,” ಎಂದು ಚಂದು ಕಡಲ ಕಡೆ ನಡೆದ.