ವೈದ್ಯರ ವಾದದ ನಡುವೆ ನನ್ನ ತಂಗಿ

ನನ್ನ ತಂಗಿ ಬಸ್ ಡಿಪೋದಲ್ಲಿ ಸೀಟುಗಳಿಗೆ ರೆಕ್ಸಿನ್ ಹೊಲಿಯುವವಳು. ಹುಟ್ಟಿದಾಗ ಎಲ್ಲರೂ ಗಂಡುಮಗುವೆಂದರು. ತಾನು ಹೆಣ್ಣೆಂದು ಅವಳು ಬಾಯಿಬಿಟ್ಟು ಹೇಳಿದ್ದು ಐವತ್ತು ದಾಟಿ, ನಮ್ಮ ತಾಯಿ ತೀರಿಕೊಂಡ ಮೇಲೆ. ಆಮೇಲೆ ಕೂದಲು ಬೆಳೆಸಿ ಸೀರೆ ಉಡತೊಡಗಿದಳು. ಡಿಪೋದಲ್ಲಿ ಅವಳ ಅಡ್ಡಹೆಸರು ಸೂಜಿ.

"ಏನೋ ಸೂಜಿ! ಅಯ್ಯೋ ತಪ್ಪಾಯ್ತು, ಏನೇ ಸೂಜಿ!" ಎಂದು ಮೆಕ್ಯಾನಿಕ್ ಕೆಣಕುವನು.

"ಓ ಅಂದ್ರೂ ಏ ಅಂದ್ರೂ ಸೀಟು ನಾನೇ ಹೊಲೀಬೇಕು ಕಣಯ್ಯಾ, ಕತ್ತರಿ ಕೊಡು" ಎನ್ನುವಳು ಇವಳು.

ಹಾರ್ಮೋನ್ ಚಿಕಿತ್ಸೆ ಆರಂಭವಾಗಬೇಕೆಂಬುದೊಂದೇ ಅವಳ ಆಸೆ. ಅದಕ್ಕೆ ಆಸ್ಪತ್ರೆಯ ಮನೋವೈದ್ಯ ವಿಭಾಗದ ಒಪ್ಪಿಗೆ ಬೇಕಿತ್ತು. ಅಲ್ಲಿನ ಹಿರಿಯ ವೈದ್ಯರ ನಿಲುವು: ಮೊದಲು ಖಿನ್ನತೆ ಗುಣವಾಗಲಿ, ದೇಹದ ಕೆಲವು ಬದಲಾವಣೆಗಳನ್ನು ಹಿಂತೆಗೆಯಲಾಗದು. ಕಿರಿಯ ವೈದ್ಯೆಯ ನಿಲುವು: ಚಿಕಿತ್ಸೆಯನ್ನು ತಡೆಯುವುದೇ ಖಿನ್ನತೆಗೆ ಕಾರಣ. ಇಬ್ಬರೂ ಓದಿಕೊಂಡವರು, ಇಬ್ಬರೂ ಸಜ್ಜನರು. ಅವರು ವಾದಿಸಿದ್ದಕ್ಕೆ ನನ್ನ ಆಕ್ಷೇಪವಿಲ್ಲ. ವಾದಿಸಿದ ಬಗೆಗೆ ಇದೆ.

ಒಪ್ಪಿಗೆಯ ಬಗ್ಗೆ ವೈದ್ಯರು ಸೇರಿದ ಸಭೆಯಲ್ಲಿ ನಾನೂ ತಂಗಿಯೂ ಎದುರಿಗೇ ಕುಳಿತಿದ್ದೆವು. ಹಿರಿಯರು 'ಅವನು' ಎಂದರು. ವೈದ್ಯೆ 'ಅವಳು' ಎಂದು ತಿದ್ದಿದರು. ಮತ್ತೆ ಅವನು, ಮತ್ತೆ ಅವಳು. ಜಗಳ ಬಿಡಿಸಲೆಂದು ವಿಭಾಗದ ಮುಖ್ಯಸ್ಥರು, "ಕೇಸು ಅಂದ್ಬಿಡೋಣ ರೀ, ಯಾರಿಗೂ ಬೇಜಾರಿಲ್ಲ" ಎಂದರು. ಅಲ್ಲಿಂದ ಮುಂದೆ ಆ ಕೋಣೆಯಲ್ಲಿ ಕೇಸು ಬಂತು, ಕೇಸು ಕೂತಿತು, ಕೇಸು ಅತ್ತಿತು. ನಮ್ಮ ಭಾಷೆಯಲ್ಲಿ ಕುರ್ಚಿಗೂ ಅದೇ ಕ್ರಿಯಾಪದ. 'ಅವರು' ಎನ್ನಲು ಇವರಿಗೇನು ಕಷ್ಟವಿತ್ತು? ಬೀದಿಯಲ್ಲಿ ದಾರಿ ಕೇಳುವ ಅಪರಿಚಿತರಿಗೂ ನಾವು ಕೊಡುವ ಮರ್ಯಾದೆ ಅದು!

ತೀರ್ಮಾನವನ್ನು ಮುಂದಕ್ಕೆ ಹಾಕಿದರು. ಅದಾದ ಮೇಲೆ ಮತ್ತೂ ಮುಂದಕ್ಕೆ.

"ಇವರ ವಾದ ಮುಗಿಯೋ ಹೊತ್ತಿಗೆ ನಾನು ಮುದುಕಿ ಆಗಿರ್ತೀನಿ ಅಣ್ಣಾ" ಎಂದಳು, ಆಸ್ಪತ್ರೆಯ ಮೆಟ್ಟಿಲಿಳಿಯುತ್ತ.

"ಆಗು ಬಿಡು. ಮುದುಕ ಅಂತೂ ಅಲ್ವಲ್ಲ."

ಆಗ ನಕ್ಕಳು. ಮುಂದಿನ ಸಭೆಗಳಿಂದ ಹಿಂತಿರುಗುವಾಗ ನಗಲಿಲ್ಲ. ಊಟ ಕಡಿಮೆಯಾಯಿತು; ಹೊಲಿಗೆಯ ಯಂತ್ರದ ಮುಂದೆ ಕುಳಿತವಳು ಕಾಲಾಡಿಸುವುದನ್ನೇ ಮರೆಯುತ್ತಿದ್ದಳು. ಹಿರಿಯರು ಅದನ್ನು ತಮ್ಮ ವಾದಕ್ಕೆ ಸಾಕ್ಷಿ ಎಂದರು. ವೈದ್ಯೆಯೂ ತಮ್ಮ ವಾದಕ್ಕೆ ಸಾಕ್ಷಿ ಎಂದರು.

ಕೊನೆಗೊಂದು ದಿನ ಒಪ್ಪಿಗೆ ದೊರೆಯಿತು. ಷರತ್ತು ಒಂದೇ: ಪ್ರತಿ ತಿಂಗಳು ಅದೇ ಸಭೆಯ ಮುಂದೆ ಹಾಜರಾಗಬೇಕು.

"ಬೇಡಣ್ಣ," ಎಂದಳು.

"ಇಷ್ಟು ಕಾದು ಈಗ ಬೇಡ ಅಂದ್ರೆ ಹೇಗೆ ತಾಯೀ?"

"ಆ ಕೋಣೇಲಿ ಕೂತ್ರೆ ನಾನು ಮನುಷ್ಯಳೇನಾ ಅಂತ ನನಗೇ ಅನುಮಾನ ಬರುತ್ತೆ. ಇನ್ನು ಕೈಲಾಗಲ್ಲ."

ವೈದ್ಯೆ ಖುದ್ದಾಗಿ ಮನೆಗೆ ಬಂದು ಬೇಡಿಕೊಂಡರು. ನಾನೂ ಬೇಡಿದೆ. ಅವಳು ಅವರಿಗೆ ಕುಡಿಯಲು ನೀರು ಕೊಟ್ಟು, ಬಾಗಿಲವರೆಗೆ ಹೋಗಿ ಬೀಳ್ಕೊಟ್ಟಳು. ಮರುದಿನ ಕೂದಲನ್ನು ಗಿಡ್ಡಕ್ಕೆ ಕತ್ತರಿಸಿಕೊಂಡು, ಹಳೆಯ ಷರಟು ಪ್ಯಾಂಟು ತೊಟ್ಟು ಡಿಪೋಗೆ ಹೊರಟಳು.