ಚಾಡಿ ಕೇಳಿದ ದೊರೆ

ಇಂಗ್ಲೆಂಡಿನ ರಾಣಿಯೊಬ್ಬಳ ದೆಸೆಯಿಂದ ನಮ್ಮ ಮನೆಯ ಮಗ್ಗ ಮೂರು ದಿನ ನಿಂತಿತ್ತು ಎಂದರೆ ಈಗಿನವರು ನನ್ನನ್ನು ಸುಳ್ಳುಬುರುಕಿ ಎಂದಾರು. ಅನ್ನಲಿ. ಕೊಳ್ಳೇಗಾಲ ಇನ್ನೂ ಮದರಾಸು ಸೀಮೆಯಲ್ಲಿದ್ದ ಕಾಲ ಅದು. ನಾನು ಮನೆಯಲ್ಲೇ ಓದಿಕೊಂಡು ಇಂಟರ್‌ಮೀಡಿಯೆಟ್ ಪರೀಕ್ಷೆಗೆ ಕಟ್ಟಿದ್ದೆ. ಇಂಗ್ಲಿಷ್ ಪಾಠದಲ್ಲಿ ಆರುನೂರು ವರ್ಷ ಹಳೆಯ ಕಥನಕವನಗಳಿದ್ದವು. ಅವುಗಳ ತುಂಬ ಕೊಟ್ಟ ಮಾತಿಗೆ ರಾಜ್ಯವನ್ನೇ ಬಿಡುವ ಸರದಾರರು, ಹಿಟ್ಟು ಕದಿಯುವ ಗಿರಣಿಯವರು, ಊರಿಗೆಲ್ಲ ಉಪವಾಸ ಬೋಧಿಸಿ ತಾವು ಕೋಳಿ ಮುರಿಯುವ ಸನ್ಯಾಸಿಗಳು. ಅಂಗಿ ಬದಲಾಯಿಸಿದರೆ ಎಲ್ಲರೂ ನಮ್ಮ ಬೀದಿಯವರೇ.

ನನಗೆ ಕಂಠಪಾಠ ಒಗ್ಗುತ್ತಿರಲಿಲ್ಲ. ಯಾರಿಗಾದರೂ ಕತೆ ಮಾಡಿ ಹೇಳಿದರೆ ಮಾತ್ರ ತಲೆಯಲ್ಲಿ ನಿಲ್ಲುತ್ತಿತ್ತು. ಅದಕ್ಕೆ ಅವ್ವನ ಕಿವಿ ಸಿಕ್ಕಿತು. ರೇಷ್ಮೆ ಸೀರೆಯನ್ನು ಮಗ್ಗದಿಂದ ಇಳಿಸಿದ ಮೇಲೆ ಹಳೆಯ ಹಾಸಿನ, ಅಂದರೆ ಮಗ್ಗದ ಉದ್ದಕ್ಕೂ ಬಿಗಿದ ಎಳೆಗಳ, ತುದಿಗೆ ಹೊಸ ಹಾಸಿನ ಎಳೆಗಳನ್ನು ಒಂದೊಂದಾಗಿ ಹೊಸೆದು ಕೂಡಿಸಬೇಕು. ಬೆರಳಿಗೆ ಬೂದಿ ಮುಟ್ಟಿಸಿಕೊಂಡು ಅವ್ವ ಸಾವಿರಾರು ಎಳೆ ಕೂಡಿಸುತ್ತಿದ್ದಳು. ಕೈತುಂಬ ಕೆಲಸ, ಕಿವಿಗೆ ಪೂರಾ ಬಿಡುವು.

ಆ ದಿನ ಹೇಳಿದ್ದು ಒಬ್ಬ ದೊರೆಯ ಕತೆ. ಯುದ್ಧದಿಂದ ಬಂದ ದೊರೆಗೆ ಅವನ ಮನೆವಾರ್ತೆಯವನು ಚಾಡಿ ಹೇಳುತ್ತಾನೆ, ರಾಣಿ ಕೋಟೆಯ ಗುಟ್ಟನ್ನು ಶತ್ರುವಿಗೆ ಕಳಿಸುತ್ತಾಳೆ ಎಂದು. ದೊರೆ ಹೆಂಡತಿಯನ್ನು ಒಂದು ಮಾತೂ ಕೇಳದೆ ಹೊರಗೆ ತಳ್ಳಿ ಬಾಗಿಲು ಹಾಕಿಸುತ್ತಾನೆ. ಅವಳು ಮಂಜು ಸುರಿಯುವ ಕಾಡಿನಲ್ಲಿ ನಡೆದು ನಡೆದು ಒಂದು ಮರದ ಕೆಳಗೆ ಕುಸಿಯುತ್ತಾಳೆ. ಅಲ್ಲಿಗೆ ಪುಸ್ತಕ ಮುಗಿದಿತ್ತು. ಯಳಂದೂರಿನ ಮೇಷ್ಟ್ರೊಬ್ಬರಿಂದ ತಂದ ಹಳೆಯ ಪುಸ್ತಕ. ಉಳಿದ ಹಾಳೆಗಳನ್ನು ಗೆದ್ದಲು ತಿಂದಿತ್ತು.

"ಮುಂದುಕ್ಕೆ?" ಅಂದಳು ಅವ್ವ.

"ಮುಂದುಕ್ಕೆ ಗೆದ್ಲು ತಿಂದ್ಬುಟ್ಟದೆ ಕಣವ್ವ."

ಅವ್ವನ ಕೈ ನಿಂತಿತು. "ಆ ಎಣ್ಣುಮಗಳ್ನ ಕಾಡ್ನಲ್ಲಿ ಬುಟ್ಬುಟ್ಟು ಎದ್ದೋಯ್ತಿಯಾ? ಅದೇನೋ ಸುರೀತದೆ ಅಂದ್ಯಲ್ಲ?"

"ಮಂಜು. ಆಕಾಸದಿಂದ ಐಸ್ ಬಿದ್ದಂಗೆ."

"ಕಂಬ್ಳಿ ತಕಂಡೋಗಿದ್ಲಾ?"

"ಬರ್ದಿಲ್ಲ."

ನಮ್ಮ ಕಡೆ ಬೆಟ್ಟದ ದೇವರ ಕತೆ ಹಾಡುವವರು ಕಷ್ಟದಲ್ಲಿರುವವರನ್ನು ಕಷ್ಟದಲ್ಲೇ ಬಿಟ್ಟು ಏಳುವುದಿಲ್ಲ. ಹೊಟ್ಟೆ ಎಷ್ಟೇ ಹಸಿದಿರಲಿ, ಅವರನ್ನು ಒಂದು ನೆಲೆ ಮುಟ್ಟಿಸಿಯೇ ಕತೆ ನಿಲ್ಲಿಸಬೇಕು. ಇಲ್ಲದಿದ್ದರೆ ಆ ಕಷ್ಟ ಕೇಳಿದವರ ಮನೆಗೆ ಬರುತ್ತದೆ ಎಂದು ನಂಬಿಕೆ. ಅವ್ವ ಬೂದಿಯ ಕೈ ತೊಳೆದು ಎದ್ದುಬಿಟ್ಟಳು. ರಾಣಿ ಕಾಡಿನಲ್ಲಿರುವಾಗ ಹೊಸ ಹಾಸು ಕೂಡಿಸುವುದುಂಟೆ? ದೊರೆ ಬಂದು ಕರೆದುಕೊಂಡು ಹೋದ ಅಂತ ನಾನೇ ಒಂದು ಕೊನೆ ಕಟ್ಟಿ ಹೇಳಿದೆ. "ಬುಕ್ಕಲ್ಲದಾ?" ಎಂದು ಕೇಳಿದಳು. ಇಲ್ಲ ಅಂದೆ. "ಸುಳ್ ಕತೆ ನಂಬ್ಕಂಡು ಎಳೆ ಕೂಡುಸ್ತಾರಾ?" ಅಂದಳು.

ನನಗೆ ಸಿಟ್ಟು ನೆತ್ತಿಗೇರಿತು. ಪರೀಕ್ಷೆಗೆ ಹದಿನೈದು ದಿನವೂ ಇರಲಿಲ್ಲ. ಈ ಹಟ ಬರೀ ಕತೆಯದ್ದಲ್ಲ ಅಂತ ಹೊಳೆದದ್ದು ಎರಡನೆಯ ದಿನ. ನಾನು ಹುಟ್ಟುವ ಮುಂಚೆ ಒಮ್ಮೆ ಮನೆಯಲ್ಲಿ ಎರಡು ಲಡಿ ರೇಷ್ಮೆ ಕಾಣೆಯಾಗಿತ್ತಂತೆ. ಅವ್ವನೇ ಅದನ್ನು ತವರಿಗೆ ಸಾಗಿಸಿದ್ದಾಳೆ ಎಂದು ನನ್ನ ಸೋದರತ್ತೆ ಹೇಳಿದಳು. ಅಪ್ಪ ಒಂದು ಮಾತೂ ಕೇಳದೆ ಅವ್ವನನ್ನು ಮಧುವನಹಳ್ಳಿಯ ತವರಿಗೆ ಕಳಿಸಿಬಿಟ್ಟ. ಎಂಟು ತಿಂಗಳಾದ ಮೇಲೆ ಅಟ್ಟದ ಇಲಿಗೂಡಿನಲ್ಲಿ ಲಡಿ ಸಿಕ್ಕಿತು. ಅಪ್ಪ ಹೋಗಿ "ಬಾ" ಅಂದ, ಅವ್ವ ಬಂದಳು. ಆಮೇಲೆ ಆ ವಿಷಯ ಇಬ್ಬರೂ ಎತ್ತಿರಲಿಲ್ಲ. ಇದನ್ನೆಲ್ಲ ನನಗೆ ಹೇಳಿದ್ದು ಮಧುವನಹಳ್ಳಿಯ ಅಜ್ಜಿ.

ಹನೂರಿನಲ್ಲಿರುವ ಮುದಿ ಪಾದ್ರಿ ಇಂಥ ಪುಸ್ತಕಗಳನ್ನೆಲ್ಲ ಓದಿದವರು ಎಂದು ಯಳಂದೂರಿನ ಮೇಷ್ಟ್ರು ಹೇಳಿದ್ದರು. ಅದನ್ನು ಊಟದ ಹೊತ್ತಿನಲ್ಲಿ ಸುಮ್ಮನೆ ಅಂದೆ. ಮೂರನೆಯ ದಿನ ಬೆಳಿಗ್ಗೆ ಅಪ್ಪನೇ ಟವಲು ಹೆಗಲಿಗೆ ಹಾಕಿಕೊಂಡು, "ಒರಡ್ರಿ, ಅನೂರ್ಗೆ ಓಗ್ಬುಟ್ಟು ಬರವ" ಅಂದ. ನಿಂತ ಮಗ್ಗದ ಚಿಂತೆ ಇರಬೇಕು ಅಂದುಕೊಂಡೆ. ಅವ್ವ ರಾಗಿರೊಟ್ಟಿ, ಹುಚ್ಚೆಳ್ಳು ಚಟ್ನಿ ಕಟ್ಟಿದಳು.

ಬಸ್ಸಿನಲ್ಲಿ ಅಜ್ಜೀಪುರಕ್ಕೆ ಹೊರಟಿದ್ದ ಯಜಮಾನರೊಬ್ಬರು ಎಲ್ಲಿಗೆ, ಏನು ಎಂದು ವಿಚಾರಿಸಿದರು.

"ಒಬ್ಳು ಎಣ್ಣುಮಗಳು ಏನಾದ್ಲೋ ಅಂತ ಕೇಳ್ಕಂಡು ಬರಕ್ಕೆ," ಅಂದಳು ಅವ್ವ. "ಗಂಡ ಆಚ್ಗೆ ಆಕ್ಬುಟ್ಟವ್ನೆ."

"ಅಯ್ಯೋ ಪಾಪ. ಯಾವೂರ್ಗೆ ಕೊಟ್ಟಿದ್ರು?"

"ಇಂಗ್ಲೆಂಡು."

ಯಜಮಾನರು ತುಂಬ ಹೊತ್ತು ಯೋಚಿಸಿ, "ಅಷ್ಟು ದೂರುಕ್ಕೆ ಕೊಡ್ಬಾರ್ದಾಗಿತ್ತು ಕಣವ್ವ" ಅಂದರು. ನಾನು ಕಿಟಕಿಯ ಕಡೆ ತಿರುಗಿ ಸೆರಗು ಬಾಯಿಗೆ ತುರುಕಿಕೊಂಡೆ. ಇಳಿಯುವವರೆಗೂ ಇಬ್ಬರೂ ದೂರದ ಸಂಬಂಧಗಳ ಕಷ್ಟಸುಖ ಮಾತಾಡಿಕೊಂಡರು.

ಪಾದ್ರಿಗಳು ಜಗುಲಿಯ ಮೇಲೆ ಹುಣಸೆ ಒಣಹಾಕುತ್ತಿದ್ದರು. "ವಾಂಗಮ್ಮಾ, ಕೂತ್ಕೊಳ್ಳಿ" ಎಂದು ತಮಿಳು ಬೆರೆಸಿ ಕರೆದರು. ನಾನು ಬಂದ ಕಾರಣ ಹೇಳಿದಾಗ ಅವರ ಮುಖ ಹಬ್ಬದಂತಾಯಿತು. ಆ ಪದ್ಯದ ಬಗ್ಗೆ ಅವರನ್ನು ಯಾರೂ ಅದುವರೆಗೆ ಕೇಳಿರಲಿಲ್ಲವಂತೆ. ಹುಣಸೆ ಅಲ್ಲೇ ಬಿಟ್ಟು ಹೇಳತೊಡಗಿದರು. ಅಪ್ಪನೂ ಜಗುಲಿಯ ತುದಿಯಲ್ಲಿ ಕೂತು ಕೇಳಿದ. ರಾಣಿಯನ್ನು ಕುರಿಗಾಹಿಗಳು ಕಂಡು ಗುಡಿಸಲಿಗೆ ಒಯ್ದರು. ("ಉಸ್ಸಪ್ಪಾ" ಅಂದಳು ಅವ್ವ.) ಏಳು ವರ್ಷ ಅವಳು ಕುರಿ ಕಾದಳು. ಚಾಡಿ ಹೇಳಿದವನು ಸಾಯುವಾಗ ನಿಜ ಒಪ್ಪಿಕೊಂಡ. ದೊರೆ ಕುದುರೆ ಬಿಟ್ಟು, ಬರಿಗಾಲಿನಲ್ಲಿ ಬಂದು, ಕುರಿಗಾಹಿಗಳ ಎದುರು ಮೊಣಕಾಲೂರಿದ. ರಾಣಿ ಅಲ್ಲೇ ಕ್ಷಮಿಸಿದಳು.

"ಎಂಥಾ ತಾಳ್ಮೆ ನೋಡಮ್ಮಾ," ಅಂದರು ಪಾದ್ರಿಗಳು. "ಕವಿ ಹೇಳೋ ನೀತಿ ಅದೇ."

"ತಾಳ್ಮೆ ಇರ್ಲಿ ಸಾಮಿ. ದೊರೆ ತಪ್ಪಾಯ್ತು ಅಂತ ಬಾಯ್ಬುಟ್ಟು ಕೇಳುದ್ನಾ, ಇಲ್ಲ ಸುಮ್ಕೆ ಬಗ್ಗುದ್ನಾ?"

ಪಾದ್ರಿಗಳು ಕಣ್ಣು ಮುಚ್ಚಿ ಆ ಸಾಲುಗಳನ್ನು ಇಂಗ್ಲಿಷಿನಲ್ಲಿ ತುಟಿಯೊಳಗೆ ಹೇಳಿಕೊಂಡರು. "ಕೇಳಿದ. ವಿಚಾರ್ಸದೆ ತಪ್ಪು ಮಾಡ್ದೆ ಅಂತ ಎಲ್ಲಾರ ಮುಂದೆ ಹೇಳಿದ."

"ಅಂಗಾರೆ ಸರಿ," ಎಂದು ಅವ್ವ ಕೈ ಮುಗಿದಳು.

ಪರೀಕ್ಷೆಯಲ್ಲಿ ಆ ಪ್ರಶ್ನೆಯೇ ಬಂತು, ರಾಣಿಯ ತಾಳ್ಮೆಯನ್ನು ವಿವರಿಸಿ ಎಂದು. ತಾಳ್ಮೆಗೆ ಎರಡು ಸಾಲು ಕೊಟ್ಟು, ಉಳಿದ ಎರಡು ಪುಟ ದೊರೆ ಬಾಯಿಬಿಟ್ಟು ತಪ್ಪೊಪ್ಪಿಕೊಂಡದ್ದರ ಬಗ್ಗೆ ಬರೆದೆ. ಈ ಪದ್ಯದಲ್ಲಿ ಕಷ್ಟದ ಕೆಲಸ ಮಾಡಿದವನು ಅವನೇ ಎಂದು ವಾದಿಸಿದೆ. ಹೇಗೋ ಪಾಸಾದೆ.

ಅದಿರಲಿ. ಆ ದಿನ ಪಾದ್ರಿಗಳ ಮನೆಯಿಂದ ಹೊರಟು ಬಸ್ಸು ನಿಲ್ಲುವ ಕಡೆಗೆ ಬಂದಾಗ ಸಂತೆಗೆ ಬಂದ ಜನ ಹತ್ತಾರು ಮಂದಿ ನಿಂತಿದ್ದರು. ಅಪ್ಪ ಚಪ್ಪಲಿ ಬಿಟ್ಟು ಅವ್ವನ ಎದುರು ಬಂದು ನಿಂತ. ಕಾಲಿಗೆ ಏನೋ ಚುಚ್ಚಿರಬೇಕು ಎಂದು ನಾನು ಬಗ್ಗಿ ನೋಡಿದೆ.

"ಅವತ್ತು ನಿನ್ನ ಒಂದ್ ಮಾತು ಕೇಳ್ಬೇಕಾಗಿತ್ತು ಕಣಮ್ಮಿ," ಅಂದ, ಎಲ್ಲರಿಗೂ ಕೇಳುವಷ್ಟು ಗಟ್ಟಿಯಾಗಿ. "ಕೇಳ್ನಿಲ್ಲ. ನಂದು ತಪ್ಪಾಯ್ತು."

ಜನ ತಿರುಗಿ ನೋಡಿದರು. ಅವ್ವ ಅಪ್ಪನ ಬರಿಗಾಲನ್ನು ನೋಡಿದಳು, ಮುಖ ನೋಡಿದಳು. ಅವಳ ಕಣ್ಣಲ್ಲಿ ನೀರು ತುಂಬಿತು, ಆದರೆ ಬಾಯಲ್ಲಿ ಬಂದದ್ದು ನಗು.

"ಇಪ್ಪತ್ತು ವರ್ಸ ಕಾದಿವ್ನಿ," ಅಂದಳು. "ಇಷ್ಟು ಯೋಳಕ್ಕೆ ನಿಮ್ಗೆ ಇಂಗ್ಲೆಂಡಿನ್ ದೊರೆನೇ ಬಂದು ಕಲುಸ್ಬೇಕಾಯ್ತಾ?"